ಎಳೆ ಹೊಳ್ಳುವ ಜಾಗ

ನಮ್ಮ ಸರ್‌ಗೆ ಪರದೆಯ ಮೇಲೆ ಫೋಟೋ ತೋರಿಸುವಂತಿರಲಿಲ್ಲ. ಊರಿಗೆ ಊರೇ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವ ಕಾಲದಲ್ಲಿ ನನ್ನ ಗೈಡ್‌ಗೆ ಮಾತ್ರ ಪ್ರತಿಯೊಂದು ಫೋಟೋ ಕಾಗದದ ಮೇಲೆ ಇಳಿದು, ಫೈಲು ಸೇರಿ, ಗುರುವಾರ ಮಧ್ಯಾಹ್ನ ಟೇಬಲ್ಲಿಗೆ ಬರಬೇಕು. ಅವರು ಒಂದೊಂದೇ ಹಾಳೆ ತೆಗೆದುಕೊಂಡು ಕಿಟಕಿಗೆ ಹೋಗುತ್ತಿದ್ದರು. ಬೆಳಕಿಗೆ ಹಿಡಿದು, ಓರೆ ಮಾಡಿ, ಬಹಳ ಹೊತ್ತು ನೋಡಿ, ಆಮೇಲೆ ನನ್ನತ್ತ ತಿರುಗಿ, ನನ್ನ ಕಿವಿಯ ಆಚೆಗೆಲ್ಲೋ ದೃಷ್ಟಿ ಇಟ್ಟು ಹೇಳುತ್ತಿದ್ದ ಮಾತು ಒಂದೇ.

“ಪದರ ಬಂದಾವು. ಆದ್ರ ಇನ್ನಷ್ಟು ಸ್ವಚ್ಛ ಬರಬೇಕು. ಇನ್ನೊಮ್ಮೆ ಮಾಡು.”

ಆ ‘ಇನ್ನೊಮ್ಮೆ’ಯಲ್ಲಿ ನನ್ನ ವಯಸ್ಸು ಹೋಯಿತು. ಬೆಣ್ಣೆ ಹಚ್ಚಿ ಹೇಳುವ ಸ್ವಭಾವ ನನ್ನದಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಪಿಎಚ್‌ಡಿಗೆ ಹೆಸರು ಹಚ್ಚಿದಾಗ ತೊಡೆಯ ಮೇಲೆ ಮಲಗುತ್ತಿದ್ದ ಮಗಳು ಈಗ ಸೈಕಲ್ ಹೊಡೆದುಕೊಂಡು ಶಾಲೆಗೆ ಹೋಗುತ್ತಾಳೆ. ನನ್ನ ಜೊತೆಗೆ ಸೇರಿದವರೆಲ್ಲ ಎಲ್ಲೆಲ್ಲೋ ಪಾಠ ಹೇಳಿಕೊಂಡು, ಮನೆ ಕಟ್ಟಿಕೊಂಡು, ಮದುವೆ ಮನೆಯಲ್ಲಿ ಸಿಕ್ಕಾಗ ಮುಗೀತೇನು ಎಂದು ಕೇಳುವ ಹಂತಕ್ಕೆ ಬಂದಿದ್ದರು. ಅವರಿಗೆ ಉತ್ತರ ಹೇಳುವುದು ತಪ್ಪಲಿ ಎಂದು ನಾನು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ.

ನನ್ನ ವಿಷಯ ಪದರು. ಕರಗಿದ ವಸ್ತು ಆರಿ ಗಟ್ಟಿಯಾಗುವಾಗ ಒಳಗೆ ಹೇಗೆ ಪದರು ಪದರಾಗಿ ಕೂಡುತ್ತದೆ ಎಂಬುದು. ಪ್ಲಾಸ್ಟಿಕ್ಕಿನ ಒಳಗೆಲ್ಲ ಇರುವುದು ಉದ್ದುದ್ದ ಎಳೆಗಳು. ಕಾಯಿಸಿ ಕರಗಿಸಿದರೆ ಅವು ಒಂದರೊಳಗೊಂದು ಸಿಕ್ಕಿಕೊಂಡು ಗೋಜಲಾಗುತ್ತವೆ. ನಿಧಾನ ಆರಿಸಿದರೆ ಅದೇ ಎಳೆ ಒಂದಿಷ್ಟು ನೆಟ್ಟಗೆ ಹೋಗಿ, ಹೊಳ್ಳಿ, ಅಷ್ಟೇ ದೂರ ವಾಪಸು ಬಂದು, ಮತ್ತೆ ಹೊಳ್ಳಿ, ಅಂಗಡಿಯಲ್ಲಿ ಸೀರೆ ಮಡಿಚಿದ ಹಾಗೆ ಮಡಿಚಿಕೊಂಡು ತೆಳ್ಳನೆಯ ಪದರಾಗುತ್ತದೆ. ಅದರ ಮೇಲೆ ಇನ್ನೊಂದು ಪದರು. ನಡುವೆ ಮಾತ್ರ ಯಾವ ಮಡಿಕೆಗೂ ಸಿಗದ ಕೆಲವು ಎಳೆಗಳು ಉಳಿದುಬಿಡುತ್ತವೆ. ಒಂದು ತುದಿ ಈ ಪದರಿನಲ್ಲಿ, ಇನ್ನೊಂದು ತುದಿ ಆ ಪದರಿನಲ್ಲಿ, ಮೈ ಎಲ್ಲಿಯೂ ಸೇರದೆ ನಡುವೆ ಸಿಕ್ಕಿಬಿದ್ದಿರುತ್ತದೆ. ಧಾರವಾಡದಲ್ಲಿ ಗೈಡ್, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಂಡನ ಮನೆಯವರ ಸೀರೆ ಅಂಗಡಿ, ನಡುವೆ ನವನಗರದಲ್ಲಿ ಮನೆ. ಆ ಎಳೆಯ ಪಾಡನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸರ್ ಅವರ ಜೀವವೆಲ್ಲ ಇದ್ದದ್ದು ಆ ಹೊಳ್ಳುವ ಜಾಗದ ಮೇಲೆ. ಪದರಿನ ಅಂಚಿಗೆ ಬಂದ ಎಳೆ ಅಲ್ಲಿಯೇ ಬಿಗಿಯಾಗಿ ಹೊಳ್ಳಿ ಪಕ್ಕದಲ್ಲಿಯೇ ಒಳಗೆ ಹೋಗುತ್ತದೋ, ಇಲ್ಲ ಹೊರಗೆಲ್ಲ ಅಡ್ಡಾಡಿ ದೂರದಲ್ಲಿ ಇನ್ನೆಲ್ಲೋ ಸೇರುತ್ತದೋ? ಅವರು ಚಿಕ್ಕವರಿದ್ದಾಗಿನಿಂದ ದೊಡ್ಡ ದೊಡ್ಡವರು ಇದಕ್ಕೆ ಜಗಳಾಡಿದ್ದಾರಂತೆ. ಅದನ್ನು ಹೇಳುವಾಗ ಮಾತ್ರ ಅವರ ದನಿ ಹುಡುಗರ ದನಿಯಾಗುತ್ತಿತ್ತು. ಉಳಿದ ಹೊತ್ತು ಸಿಡುಕು.

ಪ್ಲಾಸ್ಟಿಕ್ ಮುಗಿಯಿತು ಎಂದುಕೊಂಡಾಗ, ಉಕ್ಕಿನಲ್ಲೂ ಇಂಥದೇ ಪದರು ಇರುತ್ತವೆ, ಅದನ್ನೂ ಹೋಲಿಸಿ ಬರೆ ಎಂದರು. ಹುಬ್ಬಳ್ಳಿಯ ಕಾರ್ಖಾನೆಯೊಂದರಿಂದ ಉಕ್ಕಿನ ತುಂಡು ತಂದು, ಕನ್ನಡಿಯಾಗುವ ತನಕ ತಿಕ್ಕಿ, ಆಮ್ಲ ಸವರಿ ನೋಡಿದೆ. ಕೆಂಪಗೆ ಕಾದು ನಿಧಾನ ಆರಿದ ಉಕ್ಕಿನೊಳಗೆ ಒಂದು ಮೆತ್ತನೆಯ ಪದರು, ಒಂದು ಗಟ್ಟಿ ಪದರು, ಮತ್ತೆ ಮೆತ್ತಗೆ, ಮತ್ತೆ ಗಟ್ಟಿ. ಅದೂ ಆಯಿತು. ಇನ್ನು ಎಲೆಯ ಜೀವಕೋಶ ನೋಡು ಎಂದರು. ಪಾಲಕ್ ಎಲೆಯ ಹಸಿರು ಕಣದೊಳಗೆ ಖಡಕ್ ರೊಟ್ಟಿ ಅಡಕಿಟ್ಟ ಹಾಗೆ ಸಾಲು ಸಾಲು ಪದರು ಕಂಡವು. ಜಗತ್ತಿನಲ್ಲಿ ಪಾಲಕ್ಕಿನ ಪಲ್ಯ ಮಾಡುವುದು ಬಿಟ್ಟು ಫೋಟೋ ತೆಗೆಯುವ ಸೊಸೆ ತನಗೊಬ್ಬಳಿಗೇ ಸಿಕ್ಕಿದ್ದು ಎಂದು ನನ್ನ ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ಫೋಟೋ ತೆಗೆಯುವ ಮೈಕ್ರೋಸ್ಕೋಪ್ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಆ ಯಂತ್ರಕ್ಕೆ ಬಿಸಿ ಆಗದು, ಧೂಳು ಆಗದು, ಬೆಳಕು ಆಗದು, ಯಾರಾದರೂ ಜೋರಾಗಿ ನಡೆದರೂ ಆಗದು. ಮನುಷ್ಯರಿಗೆ ಏನು ಆಗದು ಎಂದು ಯಾರೂ ಕೇಳುವುದಿಲ್ಲ. ಹೊರಗೆ ಏಪ್ರಿಲ್ ಬಿಸಿಲು ಸುಡುವಾಗ ಒಳಗೆ ಸ್ವೆಟರ್ ಹಾಕಿಕೊಂಡು, ಕರಿಪರದೆ ಎಳೆದುಕೊಂಡು, ಬೂದು ಬಣ್ಣದ ಗೆರೆಗಳನ್ನು ದಿಟ್ಟಿಸುತ್ತ ಕೂತಿರುತ್ತಿದ್ದೆ. ಮೇಲೆ ಮಳೆ ಬಂದು ಹೋದದ್ದು ಮೆಟ್ಟಿಲು ಹತ್ತಿ ಬಂದಾಗ ಒದ್ದೆ ನೆಲ ನೋಡಿಯೇ ಗೊತ್ತಾಗಬೇಕು. ಅಲ್ಲಿಂದ ಧಾರವಾಡ-ಹುಬ್ಬಳ್ಳಿ ನಡುವೆ ಓಡುವ, ಬಾಗಿಲು ಮುಚ್ಚಿದ ಚಿಗರಿ ಬಸ್ಸು, ಬಸ್ಸಿನಿಂದ ಮನೆ, ರವಿವಾರ ಬಂದರೆ ಅಂಗಡಿ. ಎಷ್ಟೋ ಸಲ ಬಸ್ಸು ನವನಗರ ದಾಟಿ ಹೋಗಿಬಿಡಲಿ, ಎಲ್ಲಾದರೂ ಒಯ್ದು ಬಿಸಾಕಲಿ ಅನ್ನಿಸುತ್ತಿತ್ತು. ನಿಲ್ದಾಣ ಬಂದ ಕೂಡಲೇ ಮಾತ್ರ ಕಾಲು ತಾವಾಗಿ ಇಳಿಯುತ್ತಿದ್ದವು.

ಹೆಸರು ಹಚ್ಚಿದ ವರ್ಷ ಅವ್ವ ತವರೂರು ಶಿರಗುಪ್ಪಿಯಿಂದ ಒಂದು ಅಪ್ಪಟ ರೇಷ್ಮೆಯ ಇಳಕಲ್ ಸೀರೆ ತಂದುಕೊಟ್ಟಿದ್ದಳು. ಥೀಸಿಸ್ ಮುಗಿದು ಎಲ್ಲರೆದುರು ನಿಂತು ಹೇಳುವ ದಿನ ಉಟ್ಟುಕೋ ಎಂದಿದ್ದಳು. ಬಟ್ಟೆಯ ಮಡಿಕೆಗೆ ನಮ್ಮ ಕಡೆ ಘಳಿಗೆ ಎನ್ನುತ್ತಾರೆ. ಹೊಸ ಸೀರೆ ಮೊದಲ ಸಲ ಉಡುವುದಕ್ಕೆ ಘಳಿಗೆ ಮುರಿಯುವುದು ಎನ್ನುತ್ತಾರೆ. ಯಾರು ಮುರಿಯಬೇಕು, ಯಾವ ದಿನ ಮುರಿಯಬೇಕು ಎಂಬುದಕ್ಕೆಲ್ಲ ಹೆಂಗಸರಲ್ಲಿ ಒಂದು ರೀತಿ ಇದೆ. ಬೇರೆ ಯಾವ ಸಂಭ್ರಮಕ್ಕೂ ನಾನು ಅದನ್ನು ಮುಟ್ಟುವಂತಿರಲಿಲ್ಲ. ಅವ್ವ ಫೋನ್ ಮಾಡಿದಾಗಲೆಲ್ಲ ಥೀಸಿಸ್ಸಿನ ಹೆಸರು ತೆಗೆಯುತ್ತಿರಲಿಲ್ಲ, ಅದರ ಹೆಸರು ಹೇಳಲು ಅವಳಿಗೆ ನಾಲಿಗೆ ಹೊರಳದು. “ಸೀರಿ ಘಳಿಗಿ ಮುರದಿ?” ಎಂದಷ್ಟೇ ಕೇಳುತ್ತಿದ್ದಳು. ಇನ್ನೂ ಇಲ್ಲವ್ವ ಎಂದರೆ ಸುಮ್ಮನೆ ಜೋಳದ ಮಾತಿಗೆ ಹೊರಳುತ್ತಿದ್ದಳು.

ರೇಷ್ಮೆ ಸೀರೆಯನ್ನು ಆಗಾಗ ಬಿಚ್ಚಿ ಬೇರೆ ಕಡೆ ಮಡಿಚಿಡಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿಯೇ ಸೀಳುತ್ತದೆ. ಇದು ಸೀರೆ ಅಂಗಡಿಯ ಸೊಸೆಗೆ ಗೊತ್ತಿಲ್ಲದ ಮಾತೇ? ಬಂದ ಗಿರಾಕಿಗಳಿಗೆಲ್ಲ ನಾನೇ ಹೇಳಿ ಕಳಿಸುತ್ತಿದ್ದೆ. ಆದರೆ ಆ ಸೀರೆಯನ್ನು ಮಾತ್ರ ಬಿಚ್ಚಲಿಲ್ಲ. ಬಿಚ್ಚಿ ಮತ್ತೆ ಮಡಿಚಿಟ್ಟರೆ ಇನ್ನೊಂದು ವರ್ಷಕ್ಕೆ ನಾನಾಗಿಯೇ ಒಪ್ಪಿಕೊಂಡಂತೆ ಅನ್ನಿಸುತ್ತಿತ್ತು. ನನ್ನ ಸಿಟ್ಟು ಅಂಥದು. ಕಪಾಟಿನ ಮೇಲಿನ ಅರೆಯಲ್ಲಿ ಹಳೆ ದೋತರದ ತುಂಡಿನಲ್ಲಿ ಸುತ್ತಿಕೊಂಡು ಅದು ಹಾಗೆಯೇ ಕೂತಿತು.

ಕಳೆದ ವರ್ಷ ವಿಶ್ವವಿದ್ಯಾಲಯದ ಕಚೇರಿಯವರು ಕೊನೆಯ ಸಲ ಮುದ್ದತು ಬೆಳೆಸಿ ಕೊಟ್ಟರು. ಇನ್ನು ಕೇಳಬೇಡಿ ಎಂದು ಮೊದಲೇ ಹೇಳಿಬಿಟ್ಟಿದ್ದರು. ಆ ಮುದ್ದತಿನ ಕೊನೆಯ ತಿಂಗಳು ಬಂದಿತ್ತು, ಅದರೊಳಗೆ ಗೈಡ್ ಸಹಿ ಬಿದ್ದ ಥೀಸಿಸ್ ಒಳಗೆ ಹೋಗದಿದ್ದರೆ ನನ್ನ ಹೆಸರು ರದ್ದು. ಇಷ್ಟು ವರ್ಷದ ಕೆಲಸ ರದ್ದಿಗೆ. ಬರೆದದ್ದೆಲ್ಲ ಬರೆದಾಗಿತ್ತು, ಬೇಕಾದದ್ದು ಒಂದು ಸಹಿ. ಸರ್ ಮಾತ್ರ ಫೋಟೋ ಸ್ವಚ್ಛ ಬರಲಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ಒಂದು ಶಾಲು ಹೊದಿಸಿದರೆ ಮಾಡುತ್ತಾರೇನೋ, ನಮ್ಮ ಅಂಗಡಿಯಲ್ಲಿಯೇ ಇವೆಯಲ್ಲ, ಎಂದು ಮಾವನವರು ಗಾದಿಯ ಮೇಲೆ ಕೂತು ನಕ್ಕರು. ನನಗೆ ನಗು ಬರಲಿಲ್ಲ. ಈ ತಿಂಗಳು ದಾಟಿದರೆ ಅದೇ ಗಾದಿಯ ಪಕ್ಕದಲ್ಲಿ ನನ್ನ ಜಾಗ ಕಾಯ್ದಿರಿಸಿದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೀಗಿರುವಾಗ ಒಂದು ಗುರುವಾರ ಗಡಿಬಿಡಿಯಲ್ಲಿ ಉಕ್ಕಿನ ಫೋಟೋ ಪ್ಲಾಸ್ಟಿಕ್ಕಿನ ಫೈಲಿಗೆ ಸೇರಿಹೋಯಿತು. ಸರ್ ಅದನ್ನು ಕಿಟಕಿಗೆ ಒಯ್ದು, ಪ್ಲಾಸ್ಟಿಕ್ ಈ ಸಲ ಚೆನ್ನಾಗಿ ನಿಧಾನ ಆರಿದೆ, ಪದರು ದಪ್ಪ ಬಂದಿವೆ ಎಂದರು. ನಾನು ಅನುಮಾನ ಪಡಲಿಲ್ಲ. ಹೆಸರು ಬರೆಯದೆ ಪಕ್ಕಪಕ್ಕ ಇಟ್ಟರೆ ಪ್ಲಾಸ್ಟಿಕ್, ಉಕ್ಕು, ಎಲೆ ಮೂರೂ ಬೂದು ಗೆರೆಗಳೇ, ನಾನೂ ಎಷ್ಟೋ ಸಲ ಮೋಸ ಹೋಗಿದ್ದೇನೆ. ತಿದ್ದಲು ಹೋದರೆ ಬೈಗುಳ ತಿನ್ನಬೇಕಲ್ಲ ಎಂದು ಬಾಯಿ ಮುಚ್ಚಿಕೊಂಡು ಬಂದೆ.

ಮರು ಗುರುವಾರ ಪ್ರಿಂಟರ್ ಕೈಕೊಟ್ಟಿತು. ಮೊದಲ ಹಾಳೆ ಪೂರ್ತಿ ಒಂದೇ ಬೂದು ಬಣ್ಣ ಬಳಿದುಕೊಂಡು ಬಂತು. ಗೆರೆ ಇಲ್ಲ, ಪದರಿಲ್ಲ, ಬೂದಿ ಬಳಿದ ನೆಲ ಇದ್ದ ಹಾಗೆ. ಯಂತ್ರ ಕುಟ್ಟಿ ಸರಿಮಾಡಿ ಉಳಿದವನ್ನು ತೆಗೆದುಕೊಂಡು ಓಡಿದೆ. ಆ ಕೆಟ್ಟ ಹಾಳೆಯೂ ಫೈಲಿನ ಮೇಲೆಯೇ ಕೂತಿತ್ತು ಎಂಬುದು ಸರ್ ಅದನ್ನು ಕೈಗೆತ್ತಿಕೊಂಡ ಮೇಲೆ ಕಣ್ಣಿಗೆ ಬಿತ್ತು. ತಪ್ಪಾಯಿತು, ಅದನ್ನು ಬಿಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕಿಟಕಿಗೆ ಹೋಗಿಯಾಗಿತ್ತು. ಹಿಡಿದರು, ಓರೆ ಮಾಡಿದರು, ಬಹಳ ಹೊತ್ತು ನೋಡಿದರು. ತಿರುಗಿ ನನ್ನ ಕಿವಿಯ ಆಚೆಗೆ ನೋಡುತ್ತ, “ಪದರ ಬಂದಾವು. ಆದ್ರ ಇನ್ನಷ್ಟು ಸ್ವಚ್ಛ ಬರಬೇಕು,” ಎಂದರು.

ಫೈಲು ಎತ್ತಿಕೊಂಡು ಹೊರಗೆ ಬಂದು ಕಾರಿಡಾರಿನ ಕಟ್ಟೆಯ ಮೇಲೆ ಕೂತೆ. ಒಂದೊಂದೇ ನೆನಪಾಗತೊಡಗಿತು. ಆ ಕಿವಿಯಾಚೆಯ ನೋಟವನ್ನು ನಾವೆಲ್ಲ ಪಂಡಿತರ ಗತ್ತು ಎಂದುಕೊಂಡಿದ್ದೆವು. ಅವರು ಆರಾಮಾಗಿ ನಡೆದಾಡುತ್ತಿದ್ದರು, ಮೆಟ್ಟಿಲು ಹತ್ತುತ್ತಿದ್ದರು, ಬಾಗಿಲಿಗೆ ಬಂದವರನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಹಾಗಾಗಿ ಯಾರಿಗೂ ಸಂಶಯ ಬಂದಿರಲಿಲ್ಲ. ನನ್ನ ಸೋದರಮಾವನಿಗೂ ಹೀಗೆಯೇ ಆಗಿತ್ತು. ಕಣ್ಣಿನ ಅಂಚು ಉಳಿದು ನಟ್ಟನಡುವಿನ ನೋಟ ಹೋಗಿತ್ತು. ಎದುರಿನವರ ಮುಖ ಕಾಣಬೇಕೆಂದರೆ ಪಕ್ಕಕ್ಕೆ ನೋಡಬೇಕು. ಅಕ್ಷರ, ಫೋಟೋ, ಸೂಜಿಯ ಕಣ್ಣು ಮುಗಿದ ಕಥೆ. ಸರ್ ಪರದೆಯ ಮೇಲೆ ನೋಡುವುದಾದರೆ ಮೂಗು ತಾಗಿಸಿ ನೋಡಬೇಕು, ಎಲ್ಲರಿಗೂ ತಿಳಿಯುತ್ತದೆ. ಕಾಗದವಾದರೆ ಕಿಟಕಿ ಇದೆ, ಬೆನ್ನು ತಿರುಗಿಸಿ ನಿಲ್ಲಬಹುದು.

ಮೊದಲು ಬಂದದ್ದು ಕರುಣೆ ಅಂತ ಬರೆದರೆ ಸುಳ್ಳಾಗುತ್ತದೆ. ಸಿಟ್ಟು ನೆತ್ತಿಗೇರಿತು. ಎಷ್ಟು ತುಂಡು ಪ್ಲಾಸ್ಟಿಕ್ ಕಾಯಿಸಿ ಆರಿಸಿದ್ದೆ, ಎಷ್ಟು ಸಲ ನನ್ನ ಕೈಯೇ ಸರಿಯಿಲ್ಲ ಎಂದು ಆ ಕತ್ತಲ ಕೋಣೆಯಲ್ಲಿ ಅತ್ತಿದ್ದೆ! ಮಗಳಿಗೆ ಜ್ವರ ಬಂದ ದಿನವೂ ಸ್ವೆಟರ್ ಹಾಕಿಕೊಂಡು ಹೋಗಿ ಕೂತಿದ್ದೆ. ನನ್ನ ಫೋಟೋಗಳಲ್ಲಿ ಏನೂ ತಪ್ಪಿರಲಿಲ್ಲ. ಅವನ್ನು ಯಾರೂ ನೋಡಿಯೇ ಇರಲಿಲ್ಲ. ವಿಭಾಗಕ್ಕೆಲ್ಲ ಡಂಗುರ ಸಾರಿಬಿಡುತ್ತೇನೆ ಎಂದುಕೊಂಡು ಎದ್ದೆ, ಎದ್ದವಳು ಮತ್ತೆ ಕೂತೆ. ಹಾಗೆ ಮಾಡಿದರೆ ಸಹಿ ಯಾರು ಹಾಕಬೇಕು? ಮಾಡದಿದ್ದರೂ ಅವರು ಹಾಕುವುದಿಲ್ಲ. ಎತ್ತ ತಿರುಗಿದರೂ ಗೋಡೆ.

ರವಿವಾರ ಅಂಗಡಿಯಲ್ಲಿ ಗಿರಾಕಿಗಳು ಕೆದರಿ ಹೋದ ಸೀರೆಗಳನ್ನು ಮಡಿಚುತ್ತ ಕೂತಿದ್ದೆ. ನನ್ನ ಪಕ್ಕದಲ್ಲಿ ಗಂಡ ಕೂತು ಅದೇ ಕೆಲಸ ಮಾಡುತ್ತಿದ್ದರು, ಮಾಡುತ್ತ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಕೈಯ ಕಡೆ ಒಮ್ಮೆಯೂ ನೋಡಲಿಲ್ಲ. ಅಂಚಿಗೆ ಅಂಚು ಕೂಡಿ ಸೀರೆ ತಾನಾಗಿ ಮಡಿಚಿಕೊಳ್ಳುತ್ತಿತ್ತು. ಇದಕ್ಕೆ ಕಣ್ಣು ಬೇಕಾಗಿಯೇ ಇಲ್ಲವಲ್ಲ ಎಂದು ಆಗ ಹೊಳೆಯಿತು. ಮನೆಗೆ ಹೋಗಿ ಕಪಾಟಿನ ಮೇಲಿನ ಅರೆಯಿಂದ ಅವ್ವನ ಸೀರೆ ಇಳಿಸಿದೆ. ಅಂಗಡಿಯದೊಂದು ಒಯ್ಯಬಹುದಿತ್ತು. ಆದರೆ ಅದನ್ನೇ ಒಯ್ಯಬೇಕು ಎಂದು ನನ್ನ ಹಟ.

ಸೋಮವಾರ ಸಂಜೆ ನೇರ ಧಾರವಾಡಕ್ಕೆ, ಸರ್ ಮನೆಗೆ ಹೋದೆ. ಸರ್ ಅವರ ಹೆಂಡತಿ, ನಾವು ಕಾಕು ಎನ್ನುತ್ತೇವೆ, ಬಾಗಿಲು ತೆರೆದು ಚಹಾ ಇಡಲು ಒಳಗೆ ಹೋದರು. ಸರ್ ಊಟದ ಟೇಬಲ್ಲಿನ ಮುಂದೆ ಕೂತಿದ್ದರು. ಈ ಸಲದ ಫೋಟೋ ಎಲ್ಲಿ ಎಂದು ಕೈ ಚಾಚಿದರು. ನಾನು ದೋತರದ ತುಂಡು ಬಿಚ್ಚಿ ಸೀರೆಯನ್ನು ಅವರ ಕೈಯ ಕೆಳಗೆ ಇಟ್ಟೆ.

“ಫೋಟೋ ತಂದಿಲ್ರಿ ಸರ್. ಇದನ್ನ ಮುಟ್ಟಿ ನೋಡ್ರಿ.”

“ಮುಟ್ಟಿ ಯಾಕ ನೋಡಬೇಕು?” ದನಿ ಕಠಿಣವಾಗಿತ್ತು.

“ಹೋದ ಗುರುವಾರ ನೀವು ಕಿಟಕ್ಯಾಗ ನೋಡಿದ್ದು ಬರೇ ಬೂದು ಹಾಳಿರಿ ಸರ್. ಅದರಾಗ ಏನೂ ಇರಲಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಕಾಕು ಚಹಾದ ತಾಟು ಹಿಡಿದುಕೊಂಡು ಹಾಗೆಯೇ ನಿಂತರು. ಈಗ ಎದ್ದು ಹೊರಗೆ ನಡಿ ಎನ್ನುತ್ತಾರೆ, ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಸರ್ ಅವರ ಬೆರಳು ಸೀರೆಯ ಅಂಚಿನ ಮೇಲೆ ಮೆಲ್ಲಗೆ ಸರಿದವು.

ನಾನು ಹೇಳುತ್ತ ಹೋದೆ. ಇದು ಎಳೆ ಅಂತ ತಿಳಿಯಿರಿ, ಇಲ್ಲಿಂದ ಹೊರಟು ಇಲ್ಲಿಗೆ ಬಂದು ಹೊಳ್ಳಿತು, ಒಂದರ ಮೇಲೆ ಒಂದು ಕೂತಿತು, ಪ್ಲಾಸ್ಟಿಕ್ಕಿನಲ್ಲಿ ನನಗೆ ಕಂಡ ಪದರು ಇಷ್ಟು ಒತ್ತಾಗಿವೆ, ಬೇಗ ಆರಿಸಿದರೆ ಇನ್ನೂ ತೆಳ್ಳಗೆ ಬಂದವು. ಅವರು ಹೂಂ ಹೂಂ ಎನ್ನುತ್ತ ಒಂದೊಂದು ಪದರು ಎಣಿಸುವವರ ಹಾಗೆ ಬೆರಳಾಡಿಸಿದರು. ಎರಡು ಪದರಿನ ನಡುವೆ ಏನಿದೆ ತೋರಿಸುತ್ತೇನೆ ಎಂದು ನಾನು ಮೇಲಿನ ಮಡಿಕೆ ಎತ್ತಿದೆ. ಚರ್ ಎಂದಿತು. ಇನ್ನೊಂದು ಮಡಿಕೆ ಹಿಡಿದೆ, ಅದೂ ಸೀಳಿತು. ಎಷ್ಟು ಹಗುರ ಹಿಡಿದರೂ ಅಷ್ಟೇ. ಕಾಕು ತಾಟು ಕೆಳಗಿಟ್ಟು, ಅಯ್ಯ, ಹೊಸಾ ಸೀರಿ, ಎಂದು ಹತ್ತಿರ ಬಂದರು. ನನ್ನ ಕಣ್ಣಲ್ಲಿ ನೀರು ಬಂತು. ಬರಬಾರದು ಎಂದು ಎಷ್ಟು ಹಲ್ಲು ಕಚ್ಚಿದರೂ ಬಂತು.

ಸರ್ ಅವರ ಬೆರಳು ಆ ಸೀಳನ್ನು ಹುಡುಕಿ ನಿಂತಿತ್ತು.

“ಮಡಿಕಿ ಇದ್ದಲ್ಲೇ ಹರದದ. ಎಷ್ಟು ದಿನಾ ಹಿಂಗ ಇಟ್ಟಿದ್ದಿ?”

“ನಿಮ್ಮ ಕಡೆ ಹೆಸರು ಹಚ್ಚಿದಾಗಿಂದ್ರಿ ಸರ್. ಮುಗದ ದಿನಾ ಉಡು ಅಂತ ನಮ್ಮವ್ವ ಕೊಟ್ಟಿದ್ದು.”

ಅವರು ತಲೆ ತಗ್ಗಿಸಿದರು. ಮೊದಲ ಸಲ, ನನ್ನ ಕಿವಿಯ ಆಚೆಗೆ ನೋಡುವುದು ಬಿಟ್ಟು ಮಾತಾಡಿದರು. “ಈ ಸಲ ಕಾಣಸ್ತದ, ಮುಂದಿನ ಸಲ ಕಾಣಸ್ತದ ಅಂತ ಮಾಡಿದೆ. ನೀ ಹೋದಮ್ಯಾಲ ನನಗ ಯಾರು ನೋಡಿ ಹೇಳ್ತಾರವಾ?”

“ಕಣ್ಣಿಂದು ಮೊದಲ ಹೇಳಿದ್ರ ನಾ ಕೂತು ಹೇಳ್ತಿದ್ದಿಲ್ಲೇನ್ರಿ? ನನ್ನ ವಯಸ್ಸು ಹೋತಲ್ರಿ ಸರ್.”

ನಾನು ಚೀಲದಿಂದ ಸಹಿಯ ಹಾಳೆ ತೆಗೆದೆ. ಕಾಕು ಏನೂ ಕೇಳದೆ ಒಳಗೆ ಹೋಗಿ ಪೆನ್ನು ಮತ್ತು ಒಂದು ಸ್ಟೀಲ್ ಪಟ್ಟಿ ತಂದರು. ಸಹಿ ಬೀಳಬೇಕಾದ ಗೆರೆಯ ಕೆಳಗೆ ಪಟ್ಟಿಯನ್ನು ಒತ್ತಿ ಹಿಡಿದರು. ಸರ್ ಎಡಗೈಯಿಂದ ಪಟ್ಟಿಯ ಅಂಚು ಮುಟ್ಟಿ ನೋಡಿ, ಅದರ ಮೇಲೆಯೇ ಪೆನ್ನು ಓಡಿಸಿದರು. ನೆಟ್ಟಗೆ, ಸೊಟ್ಟಿಲ್ಲದೆ ಬಿತ್ತು. ಈ ಮನೆಯಲ್ಲಿ ಇದು ಎಷ್ಟು ಕಾಲದ ರೂಢಿಯೋ. ಕಾಕು ನನ್ನ ಮುಖ ನೋಡಲಿಲ್ಲ.

ಹಾಳೆ ಚೀಲದಲ್ಲಿಟ್ಟು ಗುಂಡಿ ಹಾಕಿದೆ. ಇಷ್ಟು ವರ್ಷ ಈ ಒಂದು ಗಳಿಗೆಗಾಗಿ ಬದುಕಿದ್ದೆ, ಈಗ ಓಡಿಹೋಗಿ ಬಸ್ಸು ಹತ್ತಬೇಕು, ಅವ್ವನಿಗೆ ಫೋನ್ ಮಾಡಬೇಕು. ಹರಿದ ಸೀರೆಯ ವಿಷಯ ಆಮೇಲೆ ಹೇಳಿದರಾಯಿತು. ಸೀರೆ ಎತ್ತಿಕೊಳ್ಳಲು ಕೈ ಹಾಕಿದೆ. ಸರ್ ಅದರ ಹರಿಯದ ಒಂದು ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು.

“ಒಂದು ಖರೇ ಹೇಳು. ಅಂಚಿಗೆ ಬಂದ ಎಳಿ ಅಲ್ಲೇ ಹೊಳ್ಳತದೋ, ದೂರ ಹೋಗಿ ಸೇರತದೋ? ನಿನ್ನ ಫೋಟೋದಾಗ ಏನು ಕಂಡದ?”

ಆ ಹುಡುಗರ ದನಿ. ಏನಾದರೂ ಒಂದು ಹೇಳಿ ಹೊರಟುಬಿಡಬಹುದಿತ್ತು. ಅಲ್ಲೇ ಹೊಳ್ಳುತ್ತದೆ ಎಂದಿದ್ದರೂ ನಂಬುತ್ತಿದ್ದರು. ಸುಳ್ಳು ಹಿಡಿಯಲು ಅವರ ಹತ್ತಿರ ಕಣ್ಣಿರಲಿಲ್ಲ. ಆದರೆ ನಮ್ಮ ಮೈಕ್ರೋಸ್ಕೋಪಿಗೆ ಪದರು ಕಾಣುತ್ತದೆ, ಎಳೆ ಕಾಣುವುದಿಲ್ಲ. ಅದು ಅಷ್ಟು ಸಣ್ಣದು. ಆ ನೆಲಮಾಳಿಗೆಯಲ್ಲಿ ಇನ್ನೂ ಎಷ್ಟು ವರ್ಷ ಕೂತರೂ ಆ ಹೊಳ್ಳುವ ಜಾಗವನ್ನು ನಾನು ನೋಡುವವಳಲ್ಲ. ಅವರ ಕಣ್ಣು ಚೆನ್ನಾಗಿದ್ದರೂ ನೋಡುತ್ತಿರಲಿಲ್ಲ. ಇದು ಅವರಿಗೂ ಗೊತ್ತಿರಬೇಕು. ಆದರೂ ಕೇಳಿದರು.

“ಕಾಣಂಗಿಲ್ರಿ ಸರ್. ನನಗೂ ಕಾಣಂಗಿಲ್ಲ.”

ಅವರು ತಲೆಯಾಡಿಸಿದರು. ಬೆರಳು ಬಿಡಲಿಲ್ಲ. ಮಡಿಕೆಯ ತುದಿಯನ್ನು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಸವರುತ್ತಲೇ ಇದ್ದರು. ಹೊರಗೆ ಕತ್ತಲಾಗತೊಡಗಿತ್ತು. ಕಾಕು ಆರಿದ ಚಹಾವನ್ನು ಮತ್ತೆ ಬಿಸಿ ಮಾಡಲು ಒಳಗೆ ಹೋದರು. ಸೀರೆ ನನ್ನದೇ, ಸಹಿಯೂ ಚೀಲದಲ್ಲಿತ್ತು. ಎಳೆದುಕೊಂಡು ಏಳಲು ನನ್ನಿಂದ ಆಗಲಿಲ್ಲ. ಮೊದಲನೆಯ ಫೋಟೋದಲ್ಲಿ ಏನಿತ್ತು ಎಂಬಲ್ಲಿಂದ ಹೇಳತೊಡಗಿದೆ.